ಚಿಕ್ಕಪ್ಪನ ಪೈಪಿನಲ್ಲಿ ರಾಗಿ ಅಂಬಲಿ

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ನಮ್ಮ ಚಿಕ್ಕಪ್ಪನ ಮೂಗಿನೊಳಗೆ ರಾಗಿ ಅಂಬಲಿ ಸಿಕ್ಕಿಹಾಕಿಕೊಂಡಿತು.

ನಕ್ಕುಬಿಡಿ, ಪರವಾಗಿಲ್ಲ. ನಾನೂ ನಕ್ಕೆ. ಆಮೇಲೆ ಆಸ್ಪತ್ರೆಗೆ ಹೋಗುವ ಆಟೋದ ಕನ್ನಡಿಯಲ್ಲಿ ಅವನ ಮುಖ ಕಂಡಿತು. ಅಲ್ಲಿಗೆ ನಗು ನಿಂತಿತು.

ವಿಷಯ ಹೀಗೆ. ಚಿಕ್ಕಪ್ಪ ಕೆಂಪಣ್ಣ ಬಾಗಲಗುಂಟೆಯ ಹಳೇ ಊರಿನವನು. ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಇವನು ಮೂರು ಅಂತಸ್ತು ಬೆಳೆದ. ಕೆಳಗೆ ಅವನೂ ಚಿಕ್ಕಮ್ಮನೂ, ನಡುವೆ ಬಾಡಿಗೆಯವರು, ಮೇಲೆ ನೀರಿನ ಟ್ಯಾಂಕಿನ ಪಕ್ಕದ ರೂಮಿನಲ್ಲಿ ನಾನು. ಎಲೆ, ಅಡಿಕೆ, ಹೊಗೆಸೊಪ್ಪು ಮೂರನ್ನೂ ಮೂವತ್ತು ವರ್ಷ ಅಗಿದ ಬಾಯಿ ಅವನದು. ಕೆನ್ನೆಯೊಳಗೆ ಒಂದು ಹುಣ್ಣು ಎದ್ದಿತು, ಹೋಗಲಿಲ್ಲ. ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಎಂದರು. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಕೆನ್ನೆಯಲ್ಲೊಂದಿಷ್ಟು ಹೋಯಿತು, ನಾಲಿಗೆಯಲ್ಲೊಂದಿಷ್ಟು ಹೋಯಿತು, ಮಾತು ಸದ್ಯಕ್ಕೆ ಪೂರ್ತಿ ಹೋಯಿತು.

ಇಡೀ ಬೀದಿಯಲ್ಲೇ ದೊಡ್ಡ ದನಿ ಅವನದು. "ಯಾರ್ಲಾ ಅದು, ಮೋಟ್ರು ಆಫ್ ಮಾಡ್ಲಾ!" ಎಂದು ಅವನು ಗೇಟಿನಲ್ಲಿ ನಿಂತು ಕೂಗಿದರೆ ಪಕ್ಕದ ರಸ್ತೆಯವರೂ ತಮ್ಮ ಮೋಟಾರು ಆಫ್ ಮಾಡುತ್ತಿದ್ದರು. (ನಿಮಗೆ ಗೊತ್ತಿರಲಿ, ನನಗೆ ಎಲ್ಲರ ದನಿಯನ್ನೂ ಅಣಕಿಸಲು ಬರುತ್ತದೆ, ನನ್ನದೊಂದು ಬಿಟ್ಟು. ಚಿಕ್ಕಪ್ಪನ ದನಿಯಲ್ಲಿ ಮಹಡಿಯಿಂದ ಕೂಗಿ ಬಾಡಿಗೆಯವರನ್ನು ಓಡಾಡಿಸುವುದು ನನ್ನ ಭಾನುವಾರದ ಕಸುಬಾಗಿತ್ತು.) ಅಂಥವನ ಕೈಗೆ ಆಸ್ಪತ್ರೆಯಿಂದ ಬಂದ ದಿನ ನಾವು ಒಂದು ಸ್ಲೇಟು, ಒಂದು ಬಳಪ ಕೊಟ್ಟೆವು. ಬಾಯಿಂದ ನುಂಗುವ ಹಾಗಿಲ್ಲವಾದ್ದರಿಂದ ಮೂಗಿನಿಂದ ಹೊಟ್ಟೆಗೆ ಒಂದು ತೆಳ್ಳನೆಯ ಪೈಪು. ಊಟ, ನೀರು, ಮಾತ್ರೆಯ ಪುಡಿ, ಎಲ್ಲಕ್ಕೂ ಅದೊಂದೇ ದಾರಿ.

ಜೊತೆಗೆ ಒಂದು ಚಾರ್ಟು. ಆಸ್ಪತ್ರೆಯವರು ಬರೆದುಕೊಟ್ಟ ಪೌಡರನ್ನು ಇಷ್ಟು ನೀರಿಗೆ ಇಷ್ಟು ಚಮಚ ಹಾಕಿ ಕಲಸಬೇಕು. ಎರಡು ಗಂಟೆಗೊಮ್ಮೆ, ದಿನಕ್ಕೆ ಎಂಟು ಸಲ. ಸಿರಿಂಜನ್ನು ಎತ್ತಿ ಹಿಡಿಯಬೇಕು, ತಳ್ಳಬಾರದು, ತಾನಾಗಿಯೇ ಇಳಿಯಬೇಕು. ಆಮೇಲೆ ನೀರು ಬಿಟ್ಟು ಪೈಪು ತೊಳೆಯಬೇಕು. ರೋಗಿ ಅರ್ಧ ಗಂಟೆ ಒರಗಿ ಕೂತಿರಬೇಕು. ಬೇರೆ ಏನನ್ನೂ ಕೇಳದೆ ಕೊಡಬಾರದು. ಈ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು.

ಆ ಚಾರ್ಟನ್ನು ಫ್ರಿಜ್ಜಿಗೆ ಅಂಟಿಸಿದ್ದು ನಾನೇ. ಅಂಟಿಸಿದವನೇ ಓದಬೇಕು ಎಂದು ಎಲ್ಲಾದರೂ ರೂಲ್ಸ್ ಇದೆಯೇ?

ಆ ಮಂಗಳವಾರ ಚಿಕ್ಕಮ್ಮ ಕೆಳಗಿನಿಂದ ಕೂಗಿದಳು. "ಲೋ ಮಂಜಾ, ಬಾರೋ ಬೇಗ! ನಿಮ್ ಚಿಕ್ಕಪ್ಪಂಗೆ ಪೈಪಲ್ಲಿ ಏನೂ ಇಳೀತಿಲ್ಲ ಕಣೋ!"

ಓಡಿ ಬಂದು ನೋಡಿದೆ. ಸಿರಿಂಜಿನಲ್ಲಿ ಕಂದು ಬಣ್ಣದ ಏನೋ ನಿಂತಿದೆ. ಆಸ್ಪತ್ರೆ ಪೌಡರು ಬಿಳಿ ತಾನೇ?

"ಚಿಕ್ಕಮ್ಮ, ಇದೇನು?"

"ಏನಿಲ್ಲ ಕಣೋ."

"ಏನಿಲ್ಲ ಅನ್ನೋದು ಇಷ್ಟು ಗಟ್ಟಿ ಇರುತ್ತಾ?"

ಚಿಕ್ಕಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಮೂರು ವಾರ ಆಯ್ತು ಕಣೋ, ಆ ಮನುಷ್ಯನ ಒಟ್ಟೆಗೆ ರಾಗಿ ಬಿದ್ದು. ಉಟ್ಟಿದಾಗಿಂದ ರಾಗಿ ತಿಂದಿರೋ ಒಟ್ಟೆ ಅದು. ಆ ಬೆಳ್ಳನೆ ನೀರಲ್ಲಿ ಏನೈತೆ? ಮಜ್ಜಿಗೆ ಆಕಿ ಅಂಬ್ಲಿ ಮಾಡಿ, ಬಟ್ಟೇಲಿ ಸೋಸಿ ಬಿಟ್ಟೆ. ಮೊದ್ಲು ಚೆನ್ನಾಗೇ ಇಳೀತು. ಆಮೇಲೆ ನಿಂತ್ಕೊಂತು. ಒಂಚೂರು ತಳ್ದೆ."

ಒಂಚೂರು ತಳ್ಳಿದ್ದಳಂತೆ! ಮುದ್ದೆ ತಿರುವಿ ತಿರುವಿ ಗಟ್ಟಿಯಾದ ಕೈ ಅದು. ಅದು ಒಂಚೂರು ತಳ್ಳಿದರೆ ಪೈಪಿನ ಗತಿ ಏನು?

ಇಲ್ಲಿ ಒಂದು ಮಾತು. ಬಾಗಲಗುಂಟೆ, ಯಲಹಂಕ, ಹಳೇ ಹೆಬ್ಬಾಳ, ಈ ಕಡೆಯ ಯಾವುದೇ ಹಳೇ ಮನೆಗೆ ಹೋಗಿ ನೋಡಿ. ಅನ್ನ, ಚಪಾತಿ, ಇಡ್ಲಿ, ಪಿಜ್ಜಾ ಏನು ತಿಂದರೂ "ಊಟ ಆಯ್ತಾ?" ಎಂದರೆ "ಇನ್ನೂ ಇಲ್ಲ" ಎನ್ನುತ್ತಾರೆ. ಮುದ್ದೆ ಇಳಿಯುವವರೆಗೆ ಅದು ಊಟವಲ್ಲ, ಟೈಮ್‌ಪಾಸ್. ಅಂಥ ಮನೆಯಲ್ಲಿ ಗಂಡನಿಗೆ ಬಿಳಿ ನೀರು ಕೊಡು ಎಂದರೆ ಅವಳು ಎಷ್ಟು ದಿನ ತಡೆದಾಳು? ಮೂರು ವಾರ ತಡೆದಿದ್ದೇ ದೊಡ್ಡದು.

ಆಸ್ಪತ್ರೆಯಲ್ಲಿ ನರ್ಸ್ ಪೈಪು ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಪೈಪು ನೋಡಿದರು. "ಏನ್ರೀ ಇದು, ಸಿಮೆಂಟಾ?" ಎಂದರು. (ಅವರ ದನಿ ನನಗೆ ಅಲ್ಲೇ ಬಂದುಬಿಟ್ಟಿತು. ಬಾಯಿ ಮುಚ್ಚಿಕೊಂಡಿದ್ದೆ.) ನೀರು ಬಿಟ್ಟು ನೋಡಿದರು, ಎಳೆದು ನೋಡಿದರು, ಆಗಲಿಲ್ಲ. ಹಳೆಯದನ್ನು ತೆಗೆದು ಹೊಸ ಪೈಪು ಹಾಕಬೇಕಾಯಿತು. ಮೂಗಿನಿಂದ ಗಂಟಲಿಗೆ, ಹೊಲಿಗೆ ಇನ್ನೂ ಹಸಿಯಾಗಿರುವ ಬಾಯಿಯ ಹಿಂದಿನಿಂದ ಹೊಟ್ಟೆಗೆ. ಚಿಕ್ಕಪ್ಪ ಕುರ್ಚಿಯ ಕೈ ಹಿಡಿದುಕೊಂಡ. ಕಣ್ಣಿನಿಂದ ನೀರು ತಾನಾಗಿ ಹರಿಯುತ್ತಿತ್ತು. ದನಿ ಇದ್ದಿದ್ದರೆ ಹೆಬ್ಬಾಳದ ಫ್ಲೈಓವರಿನ ಟ್ರಾಫಿಕ್ ನಿಲ್ಲುತ್ತಿತ್ತು. ದನಿ ಇರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಚಿಕ್ಕಪ್ಪನನ್ನು ತೂಕ ಹಾಕಿದರು. ಡಿಸ್ಚಾರ್ಜ್ ದಿನ ಅರವತ್ತೊಂದು ಕಿಲೋ ಇದ್ದವನು ಈಗ ಐವತ್ತೇಳೂವರೆ.

ಡಾಕ್ಟರು ಚೀಟಿ ನೋಡಿ ಕನ್ನಡಕ ತೆಗೆದರು. ಡಾಕ್ಟರು ಕನ್ನಡಕ ತೆಗೆದರೆ ಒಳ್ಳೆಯದಲ್ಲ ಎಂದು ನನಗೆ ಆ ದಿನ ಗೊತ್ತಾಯಿತು. "ಬರೋ ವಾರದ ಗುರುವಾರ ರೇಡಿಯೇಷನ್‌ಗೆ ಮುಖದ ಅಳತೆ ತಗೊಂಡು ಮಾಸ್ಕ್ ಮಾಡ್ಬೇಕು. ಆ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತ್ರೇನೇ ಕಿರಣ ಬೀಳೋ ಜಾಗಕ್ಕೆ ಬೀಳೋದು. ಇವ್ರು ಹಿಂಗೇ ಇಳೀತಾ ಹೋದ್ರೆ ಇವತ್ತು ಮಾಡಿದ ಮಾಸ್ಕ್ ನಾಳೆ ಲೂಸು. ಮೈಯಲ್ಲಿ ತಡ್ಕೊಳ್ಳೋ ಶಕ್ತಿನೂ ಇರಲ್ಲ. ಗುರುವಾರ ತೂಕ ಇನ್ನೂ ಇಳಿದಿದ್ರೆ ನಾನು ಶುರು ಮಾಡಲ್ಲ, ಮುಂದಕ್ಕೆ ಹಾಕ್ತೀನಿ."

"ಮುಂದಕ್ಕೆ ಹಾಕಿದ್ರೆ ಏನಾಗುತ್ತೆ ಸಾರ್?" ಎಂದೆ.

"ನಾವು ಮುಂದಕ್ಕೆ ಹಾಕ್ಬಹುದು. ಕ್ಯಾನ್ಸರ್ ಮುಂದಕ್ಕೆ ಹಾಕಲ್ಲ," ಎಂದರು.

ಕೆಳಗಿನ ಮಹಡಿಯಲ್ಲಿ ಡಯೆಟಿಷಿಯನ್ ಇದ್ದಾರೆ, ನೋಡಿಕೊಂಡು ಹೋಗಿ ಎಂದು ಕಳಿಸಿದರು.

ಡಯೆಟಿಷಿಯನ್ ರೂಮು ಎಲ್ಲಿರುತ್ತದೆ ಗೊತ್ತೇ? ಸ್ಟೋರ್ ರೂಮಿನ ಪಕ್ಕ, ಲಿಫ್ಟಿನ ಹಿಂದೆ, ಬಾಗಿಲು ತೆರೆದರೆ ಇನ್ನೊಂದು ಕುರ್ಚಿಗೆ ಜಾಗ ಇರದ ಕಡೆ. ಕತ್ತರಿಸುವವರಿಗೆ ಮೇಲಿನ ಮಹಡಿ, ತಿನ್ನಿಸುವವರಿಗೆ ಮೆಟ್ಟಿಲ ಕೆಳಗೆ. ಅಲ್ಲಿ ಆಶಾ ಮೇಡಂ ಕೂತಿದ್ದರು. ನನ್ನದೇ ವಯಸ್ಸು ಇರಬೇಕು, ಆದರೆ ನೋಟ ಮಾತ್ರ ಹೈಸ್ಕೂಲ್ ಹೆಡ್‌ಮಾಸ್ತರದ್ದು.

"ಮೂರು ವಾರದಲ್ಲಿ ಮೂರೂವರೆ ಕಿಲೋ. ಚಾರ್ಟ್ ಪ್ರಕಾರ ಕೊಟ್ಟಿದ್ರೆ ಇಷ್ಟು ಇಳಿಯಲ್ಲ. ಮನೇಲಿ ಏನ್ ನಡೀತಿದೆ?"

"ಚಾರ್ಟ್ ಪ್ರಕಾರಾನೇ ಮೇಡಂ," ಎಂದೆ ನಾನು, ಎದೆ ಸೆಟೆದು.

ಅವರು ನನ್ನನ್ನು ಬಿಟ್ಟು ಚಿಕ್ಕಮ್ಮನ ಕಡೆ ತಿರುಗಿದರು. "ಅಮ್ಮಾ, ಕಲಸೋದು ನೀವು ತಾನೆ? ಒಂದು ಸಲಕ್ಕೆ ಎಷ್ಟು ಚಮಚ ಹಾಕ್ತೀರಿ?"

"ಎರಡು," ಎಂದಳು ಚಿಕ್ಕಮ್ಮ.

"ನಾನು ಬರೆದಿದ್ದು ಐದು."

"ಅಷ್ಟು ಗಟ್ಟಿ ಆದ್ರೆ ರೋಗದೋರಿಗೆ ಅರಗುತ್ತಾ ತಾಯಿ? ಮಗೂಗೆ ಆಲು ಕುಡಿಸಬೇಕಾದ್ರೂ ನೀರು ಬೆರೆಸಲ್ವಾ? ಅಂಗೇ ತೆಳ್ಳಗೆ ಮಾಡ್ದೆ."

ಆಶಾ ಮೇಡಂ ಬರೆದುಕೊಂಡರು. "ಎಂಟು ಸಲಾನೂ ಇದನ್ನೇ ಕೊಟ್ರಾ?"

ಚಿಕ್ಕಮ್ಮ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. "ಬೆಳಿಗ್ಗೆ ಒಂದು, ಸಾಯಂಕಾಲ ಒಂದು ನಮ್ ತಮ್ಮ ಕೊಟ್ಟಿರೋ ಹಸ್ರು ಪುಡಿ," ಎಂದಳು.

ತಮ್ಮ ಎಂದರೆ ಲೋಕೇಶ್ ಮಾವ. ವಿದ್ಯಾರಣ್ಯಪುರದಲ್ಲಿದ್ದಾನೆ. ಹಿಂದೆ ಅಯಸ್ಕಾಂತದ ಹಾಸಿಗೆ ಮಾರುತ್ತಿದ್ದ, ಆಮೇಲೆ ನೀರಿನ ಫಿಲ್ಟರು, ಈಗ ಈ ಪುಡಿಯ ಡಬ್ಬ. ತನ್ನನ್ನು ವೆಲ್‌ನೆಸ್ ಕೋಚ್ ಎಂದು ಕರೆದುಕೊಳ್ಳುತ್ತಾನೆ. ಪ್ರತಿ ಭಾನುವಾರ ಯಾರದೋ ಮನೆಯ ಟೆರೇಸಿನಲ್ಲಿ ಮೀಟಿಂಗು, ಚಪ್ಪಾಳೆ, ಎದ್ದು ನಿಂತು "ನನ್ನ ಮಂಡಿನೋವು ಹೋಯ್ತು" ಎನ್ನುವ ಆಂಟಿಯರು. ಅವನನ್ನು ಅಣಕಿಸುವುದು ನನಗೆ ನೀರು ಕುಡಿದಷ್ಟು ಸಲೀಸು. "ಅಕ್ಕಾ, ಟ್ರಸ್ಟ್ ಮೀ ಅಕ್ಕಾ, ಸೆಲ್ ಲೆವೆಲ್ಲಲ್ಲಿ ಕೆಲಸ ಮಾಡುತ್ತೆ!" ಆದರೆ ಒಂದು ಹೇಳಿಬಿಡುತ್ತೇನೆ. ಆಪರೇಷನ್ ದಿನ ಮೊದಲು ಬಂದು ರಕ್ತ ಕೊಟ್ಟವನು ಅವನೇ. ಕಾರಿಡಾರಿನಲ್ಲಿ ಮೂಲೆಗೆ ನಿಂತು ಅತ್ತವನೂ ಅವನೇ. ಮೋಸಗಾರನಾಗಿದ್ದರೆ ನಮ್ಮ ಕೆಲಸ ಸುಲಭವಿತ್ತು. ಅವನು ನಂಬಿದವನು.

"ಮತ್ತೆ ಯಾರು ಏನು ಕೊಟ್ರು?" ಆಶಾ ಮೇಡಂ ಪೆನ್ನು ಇನ್ನೂ ಕೆಳಗಿಟ್ಟಿರಲಿಲ್ಲ. "ನಡುವೆ ಎರಡು ದಿನ ಭೇದಿ ಆಗಿದೆ ಅಂತ ಫೋನಲ್ಲಿ ಹೇಳಿದ್ರಿ. ಅದ್ಯಾಕೆ?"

ಚಿಕ್ಕಪ್ಪ ಸ್ಲೇಟು ತೆಗೆದ. ಒಂದೇ ಪದ ಬರೆದು ಮೇಡಂ ಕಡೆ ತಿರುಗಿಸಿದ.

"ಮಂಜ."

ಹೌದು ಸ್ವಾಮಿ, ನಾನೇ. ಮತ್ತಿಕೆರೆಯ ಜಿಮ್ಮಿಗೆ ಆರು ತಿಂಗಳಿಂದ ಹೋಗುತ್ತಿದ್ದೇನೆ. ಅಲ್ಲಿನ ಟ್ರೈನರ್ ಹೇಳಿದ ಪ್ರೋಟೀನ್ ಪೌಡರಿನ ಡಬ್ಬ ನನ್ನ ರೂಮಿನಲ್ಲಿತ್ತು, ಚಾಕೊಲೇಟ್ ಫ್ಲೇವರ್. ಚಿಕ್ಕಪ್ಪ ಸೊರಗುತ್ತಿದ್ದಾನಲ್ಲ, ಮಸಲ್ ಬರಲಿ ಎಂದು ದೊಡ್ಡ ಚಮಚದಲ್ಲಿ ಎರಡೆರಡು ಹಾಕಿ ಬಿಟ್ಟಿದ್ದೆ. (ನನ್ನ ತೋಳು ನೋಡಿದ ಯಾರೂ ಆ ಪೌಡರನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ನಾನು ಕನ್ನಡಿ ನೋಡುವುದು ಕಡಿಮೆ.)

"ಅಂದ್ರೆ," ಆಶಾ ಮೇಡಂ ಬರೆದದ್ದನ್ನು ನೋಡಿಕೊಂಡು ನಿಧಾನವಾಗಿ ಹೇಳಿದರು, "ಒಬ್ರು ನೀರು ಮಾಡಿ ಕೊಟ್ರಿ. ಒಬ್ರು ಎರಡು ಊಟ ಕಿತ್ಕೊಂಡು ಸೊಪ್ಪಿನ ಪುಡಿ ಕೊಟ್ರಿ. ಒಬ್ರು ಭೇದಿ ಮಾಡಿಸಿದ್ರಿ. ಎಲ್ರೂ ಪ್ರೀತಿಯಿಂದಾನೇ ಮಾಡಿದ್ದೀರ. ಪ್ರೀತಿಯಿಂದ ಒಬ್ಬ ಮನುಷ್ಯನ್ನ ಮೂರು ವಾರ ಉಪವಾಸ ಕೆಡವಿದ್ದೀರ."

ಚಿಕ್ಕಮ್ಮ ಅಳಲಿಲ್ಲ, ನಿಂತಲ್ಲೇ ಕುಗ್ಗಿದಳು. ಮೇಡಂ ದನಿ ಇಳಿಸಿದರು. "ಅಮ್ಮಾ, ರಾಗಿ ಮೇಲೆ ನನಗೆ ಕೋಪ ಇಲ್ಲ. ನಮ್ಮದೂ ದೊಡ್ಡಬಳ್ಳಾಪುರದ ಕಡೆ, ನಾನೂ ಮುದ್ದೆ ತಿಂದೇ ಬೆಳೆದಿದ್ದು. ಈ ವಾರ ಬೇಡ. ಬರೋ ವಾರ ಮೊಳಕೆ ಕಟ್ಟಿದ ರಾಗಿ ಹಿಟ್ಟು ತನ್ನಿ. ಎಷ್ಟು ತೆಳ್ಳಗೆ ಕಾಯಿಸ್ಬೇಕು, ಎಷ್ಟು ಸಲ ಸೋಸ್ಬೇಕು ಅಂತ ನಾನೇ ನಿಮ್ಮ ಕೈಲಿ ಮಾಡಿಸ್ತೀನಿ. ದಿನಕ್ಕೆ ಒಂದು ಸಲ, ಅದೂ ಈ ಊಟದ ಜೊತೆಗೆ. ಈ ಊಟದ ಬದಲಿಗೆ ಅಲ್ಲ."

ರಾಗಿಗೆ ಪ್ರವೇಶ ಸಿಕ್ಕಿತು ಎಂದಾಗ ಚಿಕ್ಕಮ್ಮನ ಬೆನ್ನು ಮತ್ತೆ ನೆಟ್ಟಗಾಯಿತು. ಮೇಡಂ ಚಿಕ್ಕಪ್ಪನ ಕಡೆಗೂ ತಿರುಗಿ, "ಸಾರ್, ನಿಮ್ಮ ಕೈ ಚೆನ್ನಾಗಿದೆಯಲ್ಲ? ಸಿರಿಂಜ್ ನೀವೇ ಹಿಡ್ಕೋಬಹುದು. ಕಲಿಸಿ ಕೊಡ್ತೀನಿ," ಎಂದು ಅಲ್ಲೇ ಎರಡು ಸಲ ಮಾಡಿಸಿದರು.

ಮನೆಗೆ ಬಂದು ನಡುಮನೆಯ ಶೋಕೇಸು ನೋಡಿದೆ. ಚಿಕ್ಕಪ್ಪನನ್ನು ನೋಡಲು ಬಂದವರು ತಂದ ಡಬ್ಬಗಳು ಸಾಲಾಗಿ ನಿಂತಿದ್ದವು. ಎತ್ತರ ಆಗುವ ಮಕ್ಕಳ ಪೌಡರು, ಬಸುರಿಯರ ಪೌಡರು, ಸಕ್ಕರೆ ಕಾಯಿಲೆಯವರ ಪೌಡರು, ಬಾದಾಮಿ ಪೌಡರು, ಓಡುತ್ತಿರುವ ಕುದುರೆಯ ಚಿತ್ರ ಇರುವ ಒಂದು ಪೌಡರು. ಕ್ಯಾನ್ಸರ್ ಆಪರೇಷನ್ ಆದ ಐವತ್ತೆಂಟರ ಗಂಡಸಿಗೆ ಬಸುರಿಯರ ಪೌಡರು ತಂದವರು ಯಾರು? ಹೆಸರು ಹೇಳಿದರೆ ನಾಳೆ ನನ್ನ ಮದುವೆಗೆ ಬರುವುದಿಲ್ಲ. (ಹೆಣ್ಣೇ ಸಿಕ್ಕಿಲ್ಲ, ಆ ಮಾತು ಬೇರೆ.) ನಾವು ಏನು ಮಾಡುತ್ತೇವೆ ಗೊತ್ತೇ? ಆಸ್ಪತ್ರೆ ಎದುರಿನ ಮೆಡಿಕಲ್ ಸ್ಟೋರಿಗೆ ಹೋಗಿ, "ಪೇಶೆಂಟ್ ನೋಡಕ್ ಹೋಗ್ತಿದೀನಿ, ಒಂದು ಡಬ್ಬ ಕೊಡಿ," ಎನ್ನುತ್ತೇವೆ. ಯಾವ ಪೇಶೆಂಟು, ಏನು ಕಾಯಿಲೆ, ಅವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಮಂಚದ ಪಕ್ಕ ಇಟ್ಟು, "ಶಕ್ತಿ ಬರುತ್ತೆ" ಎಂದು ಹೇಳಿ, ಕಾಫಿ ಕುಡಿದು, ಬಸ್ಸು ಹತ್ತುತ್ತೇವೆ. ಶಕ್ತಿ ಯಾರಿಗೆ ಬರುತ್ತದೆ? ಶೋಕೇಸಿಗೆ.

ಡಬ್ಬಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮಹಡಿಗೆ ಸಾಗಿಸಿದೆ, ನನ್ನದನ್ನೂ ಸೇರಿಸಿ. ಐದು ಚಮಚ, ಎಂಟು ಸಲ ಶುರುವಾಯಿತು. ಈ ಸಲ ಚಾರ್ಟನ್ನು ಗಟ್ಟಿಯಾಗಿ ಓದಿಯೇ ಅಂಟಿಸಿದೆ.

ಭಾನುವಾರ ಮಧ್ಯಾಹ್ನ ಲೋಕೇಶ್ ಮಾವ ಬಂದ. ಮೀಟಿಂಗಿನಿಂದ ನೇರ ಬಂದಿದ್ದ, ಅಂಗಿಯ ಮೇಲೆ ಬ್ಯಾಡ್ಜು ಹಾಗೇ ಇತ್ತು. ಕೈಯಲ್ಲಿ ಹೊಸ ಡಬ್ಬ.

"ಏನ್ ಸಮಾಚಾರ ಮಗಾ? ಅಕ್ಕಾ, ಪುಡಿ ನಿಲ್ಸಿದ್ಯಂತೆ?"

"ಆಸ್ಪತ್ರೆ ಮೇಡಮ್ಮು ಬ್ಯಾಡ ಅಂದ್ರು ಕಣೋ ಲೋಕಿ," ಎಂದಳು ಚಿಕ್ಕಮ್ಮ.

"ಅವ್ರು ಹೇಳೇ ಹೇಳ್ತಾರೆ. ಆ ಬಿಳಿ ಪೌಡರ್ ಡಬ್ಬದ ಹಿಂದೆ ಓದಿದ್ಯಾ? ಅದ್ರಲ್ಲಿ ಸಕ್ಕರೆ ಐತೆ ಅಕ್ಕಾ! ಸಕ್ಕರೆ ತಿಂದೇ ಕ್ಯಾನ್ಸರ್ ಬೆಳೆಯೋದು. ಅದಕ್ಕೆ ಊಟ ಕೊಡಬಾರ್ದು, ಒಣಗಿಸಿ ಸಾಯಿಸ್ಬೇಕು. ಒಂದೇ ಒಂದು ವಾರ ಬೇರೆ ಎಲ್ಲಾ ನಿಲ್ಸಿ ಇದೊಂದೇ ಕೊಡು. ಬಾಡಿ ಪೂರ್ತಿ ಕ್ಲೀನ್ ಆಗುತ್ತೆ."

"ಗುರುವಾರ ತೂಕ ನೋಡ್ತಾರಂತೆ ಮಾವ. ಇಳಿದಿದ್ರೆ ರೇಡಿಯೇಷನ್ ಇಲ್ಲ ಅಂದಿದಾರೆ," ಎಂದೆ.

"ಇಳೀಲಿ ಬಿಡು ಮಗಾ. ಇಳಿಯೋದು ಬರೀ ವಿಷ."

"ಅಷ್ಟೊಂದು ವಿಷ ಇದ್ರೆ ನೀವು ಮೊದ್ಲು ಇಳೀಬೇಕಿತ್ತಲ್ಲ ಮಾವ?" ಎಂದೆ ಅವನ ಹೊಟ್ಟೆ ನೋಡಿ.

"ನೀನ್ ಬಾಯ್ ಮುಚ್ಚೋ. ದೊಡ್ಡೋರು ಮಾತಾಡ್ತಿದೀವಿ. ನೀನೇನ್ ಡಾಕ್ಟ್ರಾ?"

"ಅಲ್ಲ. ನಿಮ್ಮನ್ಯಾರು ಮಾಡಿದ್ರು?"

ಚಿಕ್ಕಮ್ಮ ಇಬ್ಬರ ನಡುವೆ ನಿಂತಿದ್ದಳು. ಒಂದು ಕಡೆ ಮೊನ್ನೆ ಕಂಡ ಮೇಡಮ್ಮು, ಇನ್ನೊಂದು ಕಡೆ ಒಡಹುಟ್ಟಿದ ತಮ್ಮ. ಅವಳ ಕೈ ಡಬ್ಬದ ಕಡೆ ಹೊರಟೇಬಿಟ್ಟಿತ್ತು. "ಒಂದೇ ವಾರ ಅಂತಾನೆ ಕಣೋ ಮಂಜಾ..." ಎಂದಳು. ಗುರುವಾರಕ್ಕೆ ನಾಲ್ಕೇ ದಿನ ಇತ್ತು.

ಆಗ ಟಕ್, ಟಕ್ ಎಂದು ಸದ್ದು ಬಂತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒರಗಿದ್ದ ಚಿಕ್ಕಪ್ಪ ಬಳಪದಿಂದ ಸ್ಲೇಟು ಕುಟ್ಟುತ್ತಿದ್ದ. ಅಷ್ಟು ಹೊತ್ತು ಅವನ ತಲೆಯ ಮೇಲಿಂದ ನಾವು ಮೂವರೂ ಮಾತಾಡುತ್ತಿದ್ದೆವು, ಅವನು ಆ ಮನೆಯ ಬೀರು ಎಂಬಂತೆ. ಏನೋ ಬರೆದು ಎತ್ತಿ ಹಿಡಿದಿದ್ದ.

ಲೋಕೇಶ್ ಮಾವ ಆ ಕಡೆ ಕಣ್ಣು ಹಾಯಿಸಿದ. "ಆಯ್ತು ಭಾವ, ಆಯ್ತು, ನೀವು ರೆಸ್ಟ್ ತಗೊಳ್ಳಿ," ಎಂದು ತಲೆ ಆಡಿಸಿ ಮತ್ತೆ ಚಿಕ್ಕಮ್ಮನ ಕಡೆ ತಿರುಗಿದ. "ಅಕ್ಕಾ, ನಾನ್ ಹೇಳೋದು ಕೇಳು..."

ಓದಲೇ ಇಲ್ಲ. ಚಿಕ್ಕಪ್ಪ ಬರೆದದ್ದನ್ನು ಓದದೆ ಆಯ್ತು ಎಂದ.

ನನಗೆ ಏನಾಯಿತೋ ಗೊತ್ತಿಲ್ಲ. ಸ್ಲೇಟನ್ನು ಕಿತ್ತುಕೊಂಡೆ. ಅದರಲ್ಲಿದ್ದದ್ದನ್ನು ಓದಿದೆ. ನನ್ನ ದನಿಯಲ್ಲಿ ಅಲ್ಲ. ಎದೆಯಿಂದ ಎತ್ತಿ, ಗಂಟಲು ಅಗಲ ಮಾಡಿ, ಗೇಟಿನಲ್ಲಿ ನಿಂತು ಕೂಗುತ್ತಿದ್ದ ಆ ಚಿಕ್ಕಪ್ಪನ ದನಿಯಲ್ಲಿ.

"ಲೋ ಲೋಕಿ! ಒಟ್ಟೆ ಅಸೀತದೆ ಕಣ್ಲಾ!"

ನಡುಮಹಡಿಯಲ್ಲಿ ಯಾರೋ ದಡದಡ ಓಡಿದರು. ಮೋಟಾರು ಆಫ್ ಆಯಿತು.

ಚಿಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಆಪರೇಷನ್ ಆದ ದಿನದಿಂದ ಆ ಮನೆಯಲ್ಲಿ ಆ ದನಿ ಕೇಳಿಯೇ ಇರಲಿಲ್ಲ. ಲೋಕೇಶ್ ಮಾವನ ಮುಖ ಬಿಳಿಚಿಕೊಂಡಿತ್ತು. ಒದೆ ಬೀಳುತ್ತದೆ, ಯಾರಿಂದ ಎಂಬುದೊಂದೇ ಪ್ರಶ್ನೆ ಎಂದು ನಾನು ಕಾದೆ. ಮಾತು ಕಳೆದುಕೊಂಡವನ ಮುಂದೆ ಅವನ ದನಿಯನ್ನೇ ಅಣಕಿಸುವುದೇ? ಚಿಕ್ಕಪ್ಪನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡೆ. ಅಲ್ಲ. ಹೊಲಿಗೆ ನೋಯದಂತೆ ಕೆನ್ನೆಯನ್ನು ಅಂಗೈಯಲ್ಲಿ ಅದುಮಿ ಹಿಡಿದು ನಗುತ್ತಿದ್ದ.

ಆಮೇಲೆ ಸ್ಲೇಟು ವಾಪಸ್ ಇಸಿದುಕೊಂಡ. ಒರೆಸಿ ಬರೆದ. ನನ್ನ ಕಡೆ ತಿರುಗಿಸಿ, ಓದು ಎಂದು ಗದ್ದ ಎತ್ತಿದ. ಅದೇ ದನಿಯಲ್ಲಿ ಓದಿದೆ. "ಮೂರು ವಾರದಿಂದ ಅಸೀತೈತೆ. ಒಬ್ರೂ ಕೇಳ್ಲಿಲ್ಲ."

ಚಿಕ್ಕಮ್ಮ ನೆಲದ ಮೇಲೆ ಕೂತುಬಿಟ್ಟಳು. "ಪೈಪಲ್ಲಿ ಬಿಟ್ರೆ... ಅಸಿವು ಗೊತ್ತಾಯ್ತದಾ?" ಎಂದಳು. ಅವಳು ಅಣಕಕ್ಕೆ ಕೇಳಿದ್ದಲ್ಲ. ನಿಜಕ್ಕೂ ಅವಳಿಗೆ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ. ಬಾಯಿಲ್ಲದ ಊಟಕ್ಕೆ ಹಸಿವೂ ಇರುವುದಿಲ್ಲ ಎಂದು ನಾವೆಲ್ಲ ನಮ್ಮ ಪಾಡಿಗೆ ತೀರ್ಮಾನ ಮಾಡಿಬಿಟ್ಟಿದ್ದೆವು.

ಚಿಕ್ಕಪ್ಪ ಸ್ಲೇಟು ಒರೆಸಿದ. ಬರೆದ. ಅದನ್ನೂ ಓದಿದೆ.

"ಕುಯ್ದಿರೋದು ಬಾಯಿ ಕಣೇ. ಒಟ್ಟೆ ಅಲ್ಲ."

ಲೋಕೇಶ್ ಮಾವ ಡಬ್ಬವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ಭಾವ, ನಾನು ನಿಮ್ಮ ಒಳ್ಳೇದಕ್ಕೇ..."

"ಗೊತ್ತು," ಎಂದು ಬರೆದ ಚಿಕ್ಕಪ್ಪ. ಅದರ ಕೆಳಗೆ, "ಡಬ್ಬ ವಾಪಸ್ ತಕಂಡೋಗು. ಈಗ ಕೂತ್ಕೋ."

ಕೂತ. ಚಿಕ್ಕಮ್ಮ ಐದು ಚಮಚ ಕಲಸಿ ತಂದಳು, ಪ್ರತಿ ಚಮಚವನ್ನೂ ದೇವರಿಗೆ ಹೂವು ಏರಿಸಿದ ಹಾಗೆ ಎಣಿಸಿದಳು. ಚಿಕ್ಕಪ್ಪ ಸಿರಿಂಜಿನ ತುದಿಯನ್ನು ಪೈಪಿಗೆ ತಾನೇ ಸಿಕ್ಕಿಸಿ, ತಾನೇ ಸುರಿದು, ಕೈಯನ್ನು ತಲೆಯ ಮಟ್ಟಕ್ಕೆ ಎತ್ತಿದ. ಇಳಿಸಲಿಲ್ಲ. ಬಿಳಿ ಗೆರೆ ಪೈಪಿನೊಳಗೆ ನಿಧಾನವಾಗಿ ಇಳಿಯಿತು. ಲೋಕೇಶ್ ಮಾವ ಅದನ್ನೇ ನೋಡುತ್ತ ಕೂತಿದ್ದ. ಇಷ್ಟು ದಿನ ಪುಡಿ ತಂದು ಕೊಟ್ಟಿದ್ದನೇ ಹೊರತು, ಭಾವ ಊಟ ಮಾಡುವುದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಹೊರಡುವಾಗ ಡಬ್ಬ ಮರೆಯದೆ ತೆಗೆದುಕೊಂಡು ಹೋದ.

ಗುರುವಾರ ಬಂತು. ತೂಕದ ಯಂತ್ರದ ಮೇಲೆ ಚಿಕ್ಕಪ್ಪ ಚಪ್ಪಲಿ ಹಾಕಿಕೊಂಡೇ ಹತ್ತಿದ. "ಸಾರ್, ಚಪ್ಪಲಿ," ಎಂದರು ಆಶಾ ಮೇಡಂ. ಸಿಕ್ಕಿಬಿದ್ದ ಹುಡುಗನ ಹಾಗೆ ಬಿಟ್ಟು ಹತ್ತಿದ. ಐವತ್ತೇಳು ಕಿಲೋ ಒಂಬೈನೂರು ಗ್ರಾಂ.

ನಾನೂರು ಗ್ರಾಂ! ಅಷ್ಟು ಟೊಮೇಟೊ ತಂದರೆ ಚಿಕ್ಕಮ್ಮ ನನ್ನನ್ನು ಮತ್ತೆ ಅಂಗಡಿಗೆ ಓಡಿಸುತ್ತಾಳೆ. ಆ ದಿನ ಆ ನಾನೂರು ಗ್ರಾಮಿಗೆ ಮೆಟ್ಟಿಲ ಕೆಳಗಿನ ಆ ಪುಟ್ಟ ರೂಮಿನಲ್ಲಿ ನಾವು ನಾಲ್ಕು ಜನ ನಿಲ್ಲಲಾರದೆ ನಿಂತಿದ್ದೆವು. "ಸಾಕು ಮೇಡಂ ಇಷ್ಟು?" ಎಂದೆ. "ಇಳೀದೇ ನಿಂತಿದ್ರೇನೇ ಸಾಕಾಗಿತ್ತು," ಎಂದರು. ಅದೇ ಮಧ್ಯಾಹ್ನ ಮಾಸ್ಕ್ ಮಾಡಿದರು. ಸೋಮವಾರ ರೇಡಿಯೇಷನ್ ಶುರುವಾಯಿತು.

ಆ ಗುರುವಾರ ಅಲ್ಲಿಂದ ಹೊರಡುವ ಮುಂಚೆ ಲೋಕೇಶ್ ಮಾವನ ಸಕ್ಕರೆಯ ಮಾತನ್ನು ಮೇಡಂ ಹತ್ತಿರ ಕೇಳಿದೆ. ಒಣಗಿಸಿದರೆ ಕ್ಯಾನ್ಸರ್ ಸಾಯುತ್ತದಂತೆ, ಹೌದೇ? ಅವರು ಮುಂದಿನ ರೋಗಿಯ ಫೈಲು ತೆರೆಯುತ್ತ ಹೇಳಿದರು. "ಆ ಓಟದಲ್ಲಿ ಮೊದ್ಲು ಬೀಳೋದು ಮನುಷ್ಯ."

ಈಗ ನಮ್ಮ ಮೇಲೆ ನೆಂಟರಿಷ್ಟರ ಕೋಪ. "ಆ ಮನೇಗ್ ಹೋದ್ರೆ ಮರ್ಯಾದೆ ಇಲ್ಲ, ತಂದಿದ್ದನ್ನ ಬಾಗಿಲಲ್ಲೇ ವಾಪಸ್ ಕೊಡ್ತಾರೆ, ಆ ಮಂಜನಿಗೆ ಬಾಯಿ ಜಾಸ್ತಿ," ಎಂದು ದಾಸರಹಳ್ಳಿಯವರೆಗೂ ಸುದ್ದಿ ಮುಟ್ಟಿದೆ. ಮುಟ್ಟಲಿ. ಕೊಡುತ್ತೇವೆ, ಇನ್ನೂ ಕೊಡುತ್ತೇವೆ. ಎಳನೀರು ವಾಪಸ್, ಕುದುರೆ ಪೌಡರ್ ವಾಪಸ್, "ನಮ್ ಪಕ್ಕದ್ಮನೆಯವ್ರಿಗೆ ಒಂದು ಬೇರಿನ ಕಷಾಯದಲ್ಲಿ ವಾಸಿ ಆಯ್ತಂತೆ" ಕೂಡ ವಾಪಸ್. ಬೇಜಾರಾದರೆ ಆಗಲಿ. ಮೂರು ವಾರ ಎಲ್ಲರ ಮನಸ್ಸು ನೋಯಿಸದೆ ಎಲ್ಲರ ಡಬ್ಬವನ್ನೂ ಒಪ್ಪಿಕೊಂಡೆವು. ಮೂರೂವರೆ ಕಿಲೋ ಹೋಗಿದ್ದು ನಮ್ಮ ಮೈಯಿಂದಲ್ಲ.

(ನನ್ನನ್ನು ನೋಡಿ ನಿಮ್ಮ ಮನೆಯ ರೋಗಿಗೆ ಐದು ಚಮಚ ಹಾಕಬೇಡಿ. ಆ ಲೆಕ್ಕ ಚಿಕ್ಕಪ್ಪನದು. ನಿಮ್ಮ ಆಸ್ಪತ್ರೆಯಲ್ಲೂ ಲಿಫ್ಟಿನ ಹಿಂದೆ ಒಂದು ಪುಟ್ಟ ರೂಮು ಇರುತ್ತದೆ, ಹುಡುಕಿಕೊಂಡು ಹೋಗಿ.)

ರೇಡಿಯೇಷನ್ನಿನ ಎರಡನೇ ವಾರ ನಡೆಯುತ್ತಿದೆ. ಚಿಕ್ಕಪ್ಪನಿಗೆ ಸುಸ್ತು ಹೆಚ್ಚಾಗಿದೆ. ಗಂಟಲು ಉರಿಯುತ್ತದೆ. ಹಠ ಮಾಡಿ ಸಿರಿಂಜು ತಾನೇ ಹಿಡಿಯುತ್ತಾನೆ, ನಾಲ್ಕನೇ ಊಟದ ಹೊತ್ತಿಗೆ ಕೈ ಸೋಲುತ್ತದೆ. ಚಿಕ್ಕಮ್ಮನೂ ಒಬ್ಬಳೇ, ನಾನು ಕೆಲಸಕ್ಕೆ ಹೋಗಬೇಕು, ದಿನಕ್ಕೆ ಎಂಟು ಸಲ ಆಗಲೇಬೇಕು, ಒಂದೂ ತಪ್ಪುವಂತಿಲ್ಲ. ಮೊನ್ನೆ ಸಾಯಂಕಾಲ ಆಫೀಸಿನಿಂದ ಬಂದು ನೋಡಿದರೆ ಕಿಟಕಿಯ ಪಕ್ಕ ಲೋಕೇಶ್ ಮಾವ ನಿಂತಿದ್ದ. ಬ್ಯಾಡ್ಜ್ ಇರಲಿಲ್ಲ. ಭಾವನ ಮೊಣಕೈಯ ಕೆಳಗೆ ಅಂಗೈ ಕೊಟ್ಟು, ಉಸಿರು ಬಿಗಿಹಿಡಿದು, ಆ 60 ಎಂಎಲ್ ಸಿರಿಂಜು ಇಳಿಯುವುದನ್ನೇ ಕಾಯುತ್ತಿದ್ದ.

ಹಾಗಾಗಿ ಚಿಕ್ಕಪ್ಪನನ್ನು ನೋಡಬೇಕೆನ್ನುವವರೆಲ್ಲ ಖಂಡಿತ ಬನ್ನಿ, ಆದರೆ ಕೈ ಬೀಸಿಕೊಂಡೇ ಬನ್ನಿ. ಸಿರಿಂಜು ಎತ್ತಿ ಹಿಡಿಯಲು ಕೈ ಖಾಲಿ ಇರಬೇಕು ತಾನೇ?